ನಾನು ಹಾಕಿದ ದಾರಿ, ಲಿಲ್ಲಿ ಹೋದ ಊರು

ಮೊನ್ನೆ ಉಡುಪಿಯ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರು ಕಾಪುವಿಗೆ ಹೇಗೆ ಹೋಗುವುದೆಂದು ನನ್ನನ್ನು ಕೇಳಿದರು. ಪಾಪ, ಅವರಿಗೆ ಬೇಕಾಗಿದ್ದದ್ದು ಯಾವ ಬಸ್ಸು ಎಂಬುದಷ್ಟೇ. ನಾನು ಉದ್ಯಾವರದ ಸೇತುವೆಯಿಂದ ಸುರು ಮಾಡಿದೆ. ಕಟಪಾಡಿಯಲ್ಲಿ ಎಡಕ್ಕೆ ತಿರುಗಿದರೆ ಶಂಕರಪುರ, ಅಲ್ಲಿಯದು ಮಲ್ಲಿಗೆ. ಬಲಕ್ಕೆ ತಿರುಗಿದರೆ ಮಟ್ಟು, ಅಲ್ಲಿಯದು ಬದನೆ. ಎರಡೂ ಕಡೆ ತಿರುಗದೆ ನೇರ ಹೋದರೆ ಕಾಪು, ಅಲ್ಲಿ ಸಮುದ್ರದ ಬಂಡೆಯ ಮೇಲೆ ದೀಪಸ್ತಂಭ ಉಂಟು ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾಪುವಿನ ಬಸ್ಸು ನಮ್ಮ ಎದುರಿನಿಂದಲೇ ಹೊರಟುಹೋಯಿತು. ಅವರು ಒಮ್ಮೆ ಬಸ್ಸನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. 'ಇನ್ನೊಂದು ಈಗ ಬರ್ತದೆ' ಎಂದು ಹೇಳಿ ನಾನು ಅಲ್ಲಿಂದ ಮೆಲ್ಲನೆ ಜಾರಿಕೊಂಡೆ.

ದಾರಿ ಹೇಳುವುದು ನನ್ನ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಇದು. ಕಾರ್ಕಳದ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತ ಆಯುಷ್ಯ ಕಳೆದವನು ನಾನು. ನೈಲ್ ನದಿ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ನಾನು ಕಂಡ ಅತ್ಯಂತ ದೂರದ ನೀರು ಮಾತ್ರ ಮೈಸೂರಿನ ಹತ್ತಿರದ ಅಣೆಕಟ್ಟಿನದು. ಅದೂ ಶಾಲೆಯ ಪ್ರವಾಸದಲ್ಲಿ, ಮಕ್ಕಳ ತಲೆ ಎಣಿಸುತ್ತ.

ಈ ಚಟದ ಮೂಲ ನಾನು ಕಲಿತ ಶಾಲೆಯಲ್ಲಿದೆ. ಅಲ್ಲಿ ಬಟ್ಟೆಗೆ ಅಂಟಿಸಿದ ಯುರೋಪಿನ ಭೂಪಟವೊಂದಿತ್ತು. ಇನ್‌ಸ್ಪೆಕ್ಟರು ಬರುವ ದಿನ ಅದನ್ನು ಗೋಡೆಗೆ ತೂಗುಹಾಕುತ್ತಿದ್ದರು. ಉಳಿದ ದಿನ ಅದು ಸುರುಳಿ ಸುತ್ತಿಕೊಂಡು ಬೀರುವಿನ ಹಿಂದೆ ಮಲಗಿರುತ್ತಿತ್ತು. ನಮ್ಮ ಮಳೆಗಾಲದ ಥಂಡಿಗೆ ಅದಕ್ಕೆ ಬೂಷ್ಟು ಹಿಡಿದು ಆಲ್ಪ್ಸ್ ಪರ್ವತದ ಜಾಗವೆಲ್ಲ ಬೆಳ್ಳಗಾಗಿತ್ತು. ಅದು ಹಿಮವೆಂದೇ ನಾನು ಬಹಳ ಕಾಲ ತಿಳಿದಿದ್ದೆ. ಒಂದು ದಿನ ಮೇಷ್ಟ್ರು ಒದ್ದೆ ಬಟ್ಟೆಯಿಂದ ಅದನ್ನು ಒರೆಸಲು ಹೇಳಿದರು. ಒರೆಸಿದೆ. ಹಿಮ ಹೋಯಿತು, ಅದರ ಜೊತೆಗೆ ಅರ್ಧ ಸ್ವಿಜರ್ಲೆಂಡೂ ಹೋಯಿತು. ಪೆಟ್ಟು ತಿಂದ ಮೇಲೆ ಆ ದೇಶದ ಮೇಲೆ ನನಗೆ ಒಂದು ಬಗೆಯ ಹಕ್ಕು ಬಂದಂತಾಯಿತು. ಕಾರ್ಕಳದ ಬಾಹುಬಲಿ ಬೆಟ್ಟ ಹತ್ತಿ ನಿಂತರೆ ಕಾಪುವಿನ ದೀಪ ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಾನು ಎಷ್ಟೋ ಸಂಜೆ ಅಲ್ಲಿ ನಿಂತು ಪಡುವಣಕ್ಕೆ ನೋಡಿದ್ದೇನೆ. ಕಂಡದ್ದಿಲ್ಲ. ಕಂಡೆ ಎಂದು ಶಾಲೆಯಲ್ಲಿ ಹೇಳಿದ್ದು ಮಾತ್ರ ಉಂಟು. ದೀಪವಷ್ಟೇ ಅಲ್ಲ, ಅದರಾಚೆ ಆಫ್ರಿಕಾದ ಕಡೆಗೆ ಹೋಗುವ ಹಡಗನ್ನೂ ಕಂಡೆನೆಂದಿದ್ದೆ.

ಇಂಥವನಿಗೆ ಸಿಕ್ಕಿದ ಹೆಂಡತಿ ಲಿಲ್ಲಿ. ಶಂಕರಪುರದವಳು. ಮಲ್ಲಿಗೆ ಗಿಡಗಳ ನಡುವೆ ಬೆಳೆದವಳು, ನಮ್ಮ ಕಾರ್ಕಳದ ಹಿತ್ತಿಲಲ್ಲೂ ಗಿಡ ನೆಟ್ಟು ಹೂ ಕಟ್ಟಿದವಳು. ಅವಳಿಗೆ ಗೊತ್ತಿರುವ ದಿಕ್ಕುಗಳೆಂದರೆ ಬಾವಿಯ ಕಡೆ, ಕೊಟ್ಟಿಗೆಯ ಕಡೆ, ಇಗರ್ಜಿಯ ಕಡೆ. ನಾಲ್ಕನೆಯದರ ಹೆಸರು 'ಆಚೆ'. ಬಸ್ಸಿನಲ್ಲಿ ಕೂತರೆ ಅವಳಿಗೆ ಆಗುವುದಿಲ್ಲ. ಕಾರ್ಕಳದಿಂದ ಉಡುಪಿಗೆ ಹೊರಟರೆ ಬೈಲೂರಿನ ತಿರುವುಗಳಲ್ಲಿ ಮುಖ ಬಿಳಿಚಿಕೊಳ್ಳುತ್ತದೆ, ಹಿರಿಯಡ್ಕದಲ್ಲಿ ಕಣ್ಣು ಮುಚ್ಚುತ್ತದೆ, ಮಣಿಪಾಲದಲ್ಲಿ ಇಳಿದು ಗಾಳಿ ತೆಗೆದುಕೊಳ್ಳಬೇಕಾಗುತ್ತದೆ.

ಈ ಲಿಲ್ಲಿಗೆ ಯುರೋಪಿನಿಂದ ಕರೆ ಬಂತು.

ಅವಳ ಅಕ್ಕ ಜೂಲಿಯಾನ ಸಣ್ಣ ಪ್ರಾಯದಲ್ಲೇ ನರ್ಸ್ ಆಗಿ ಜರ್ಮನಿಗೆ ಹೋದವಳು. ಕೊಲೋನ್ ನಗರದ ಹತ್ತಿರ ಗಂಡ ರಿಚರ್ಡ್ ಮತ್ತು ಇಬ್ಬರು ಮಕ್ಕಳ ಜೊತೆ ಇದ್ದಾಳೆ. ಯೂರೋ ನೋಟುಗಳು ಬಂದ ಹೊಸತು ಅದು. ಒಂದು ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ನಾವು ಚಾ ಕುಡಿಯುತ್ತಿದ್ದಾಗ ಫೋನು ಬಂತು. ಜೂಲಿ ಅಕ್ಕನ ಸ್ವರ ಎಷ್ಟು ದೊಡ್ಡದೆಂದರೆ ಫೋನು ಲಿಲ್ಲಿಯ ಕಿವಿಯಲ್ಲಿದ್ದರೂ ಅಂಗಳದಲ್ಲಿ ಕೂತ ನನಗೆ ಎಲ್ಲ ಕೇಳುತ್ತಿತ್ತು. ಕೊಂಕಣಿಯಲ್ಲಿ ಆದ ಮಾತು, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಬೇಸಿಗೆಯಲ್ಲಿ ನೀನು ಬಾ. ಟಿಕೇಟು ನಾನು ಕಳಿಸ್ತೇನೆ. ಕಾರಿನಲ್ಲಿ ಒಂದು ಸುತ್ತು ಹೋಗುವ. ಫ್ರಾನ್ಸ್, ಸ್ವಿಜರ್ಲೆಂಡ್, ಇಟಲಿ, ಆಸ್ಟ್ರಿಯಾ. ರಿಚರ್ಡಿಗೆ ರಜೆ ಉಂಟು."

"ಇವರು?" ಎಂದಳು ಲಿಲ್ಲಿ.

"ನಾವು ನಾಲ್ಕು ಜನ ಆದೆವಲ್ಲ. ಕಾರಿನಲ್ಲಿ ಇನ್ನು ಒಂದೇ ಸೀಟು ಉಳಿಯುವುದು. ಅವರನ್ನು ಇನ್ನೊಮ್ಮೆ ಕರೆಯುವ."

ನನ್ನ ಚಾ ಅಲ್ಲೇ ಆರಿತು. ನ್ಯಾಯ ನೋಡಿದರೆ ಆ ಸೀಟು ಲಿಲ್ಲಿಯದೇ. ಅಕ್ಕತಂಗಿಯರ ತಾಯಿಗೆ ಪಾರ್ಶ್ವವಾಯು ಬಡಿದ ಮೇಲೆ ನಮ್ಮ ಮನೆಯ ಚಾವಡಿ ಕೋಣೆಯಲ್ಲೇ ಅವರ ಮಂಚ ಇತ್ತು. ವರ್ಷಗಟ್ಟಲೆ ಅವರನ್ನು ಮೀಯಿಸಿದ್ದು, ಉಣ್ಣಿಸಿದ್ದು, ಮಗ್ಗುಲು ಬದಲಿಸಿದ್ದು ಲಿಲ್ಲಿ. ಜೂಲಿ ಅಕ್ಕನಿಗೆ ತಾಯಿಯ ಮಣ್ಣಿಗೂ ಬರಲಾಗಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚು ನ್ಯಾಯ ನೋಡಿ ಬರುವುದಿಲ್ಲವಲ್ಲ. ಅರ್ಧ ಸ್ವಿಜರ್ಲೆಂಡನ್ನು ಒರೆಸಿ ಪೆಟ್ಟು ತಿಂದವನು ನಾನು. ಅದನ್ನು ನೋಡಲಿಕ್ಕೆ ಹೋಗುವವಳು ಹಿರಿಯಡ್ಕದಲ್ಲಿ ಕಣ್ಣು ಮುಚ್ಚುವವಳು.

ಆಗ ರಿಚರ್ಡ್ ಫೋನು ತೆಗೆದುಕೊಂಡು ನನ್ನನ್ನು ಕರೆದರು. ನನ್ನ ಷಡ್ಡಕ ಒಳ್ಳೆಯ ಮನುಷ್ಯ. ನನಗೆ ಬೇಸರವಾದೀತೆಂದು ಒಂದು ಮಾತು ಹೇಳಿದರು. "ಮಾಸ್ಟ್ರೇ, ನೀವು ಭೂಗೋಳದವರಲ್ವಾ? ಎಲ್ಲಿಂದ ಎಲ್ಲಿಗೆ ಹೋಗುವುದು ಅಂತ ನೀವೇ ಒಂದು ಪ್ಲಾನ್ ಹಾಕಿ ಕೊಡಿ."

ಚಪ್ಪಲಿ ಮೆಟ್ಟಿದ ನೆಂಟರಿಗೆ 'ಊಟ ಮಾಡಿಕೊಂಡು ಹೋಗಬಹುದಿತ್ತು' ಎನ್ನುತ್ತೇವಲ್ಲ, ಅಂಥ ಮಾತು ಅದು. ನಾನು ಚಪ್ಪಲಿ ಬಿಚ್ಚಿ ಎಲೆ ಹಾಕಿಕೊಂಡು ಕೂತುಬಿಟ್ಟೆ.

ಶಾಲೆಯ ದೊಡ್ಡ ಅಟ್ಲಾಸು ಮನೆಗೆ ಬಂತು. ಹಳೆಯ ಕ್ಯಾಲೆಂಡರುಗಳ ಬೆನ್ನಿನ ಮೇಲೆ ದಾರಿ ಬಿಡಿಸತೊಡಗಿದೆ. ರೈನ್ ನದಿಯ ದಂಡೆ ಹಿಡಿದು ದಕ್ಷಿಣಕ್ಕೆ. ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಅಲ್ಲಿಂದ ರೈನ್ ಜಲಪಾತ. ಸ್ವಿಜರ್ಲೆಂಡಿನ ಲೂಸರ್ನ್ ಸರೋವರ. ಆಲ್ಪ್ಸ್ ಪರ್ವತದ ಹೊಟ್ಟೆ ಕೊರೆದ ಸುರಂಗ. ಆಚೆ ಬದಿಯಲ್ಲಿ ಇಟಲಿ, ಮಿಲಾನ್, ವೆನಿಸ್. ಮತ್ತೆ ಪರ್ವತ ಹತ್ತಿ ಆಸ್ಟ್ರಿಯಾದ ಇನ್ಸ್‌ಬ್ರುಕ್. ಅಲ್ಲಿಂದ ಪಡುವಣಕ್ಕೆ ತಿರುಗಿ ಮನೆಯ ದಾರಿ. ಮನೆಯ ದಾರಿಯಲ್ಲಿ ಲಿಕ್ಟನ್‌ಸ್ಟೈನ್ ಎಂಬ ದೇಶ ಸಿಗುತ್ತದೆ. ನಮ್ಮ ಕಾರ್ಕಳ ತಾಲೂಕಿನ ಒಂದು ಮೂಲೆಯಲ್ಲಿ ಇಟ್ಟರೆ ಕಳೆದುಹೋಗುವಷ್ಟು ಚಿಕ್ಕದು. ಅದನ್ನು ನಾನು ಬೇಕೆಂದೇ ಸೇರಿಸಿದೆ. ಅಷ್ಟು ಕಡಿಮೆ ಪೆಟ್ರೋಲಿಗೆ ಒಂದು ಇಡೀ ದೇಶ ಸಿಗುವಾಗ ಯಾರು ಬಿಡುತ್ತಾರೆ?

ಮಗಳು ಪ್ರೀತಿ ಆಗ ಮಣಿಪಾಲದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳನ್ನು ನೋಡುವ ನೆಪದಲ್ಲಿ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿ ಅವಳನ್ನು ಸೈಬರ್ ಕೆಫೆಗೆ ಎಳೆದುಕೊಂಡು ಹೋಗುತ್ತಿದ್ದೆ. ಸಾಲಾಗಿ ಕೂತ ದೇಶವಿದೇಶದ ವಿದ್ಯಾರ್ಥಿಗಳ ನಡುವೆ ನಾನೊಬ್ಬ ಪಂಚೆಯವನು. ಪ್ರೀತಿ ರೈನ್ ಜಲಪಾತದ ಚಿತ್ರ ತೆರೆದಳು. ಅದು ಮೇಲಿನಿಂದ ಕೆಳಕ್ಕೆ, ಗೆರೆಗೆರೆಯಾಗಿ ಬರತೊಡಗಿತು. ಮೊದಲು ಆಕಾಶ ಬಂತು. ಬಹಳ ಹೊತ್ತಿನ ನಂತರ ಮರಗಳ ತುದಿ ಬಂತು. ಒಂದು ಕೋಟೆಯ ಮಾಡು ಬಂತು. ಇನ್ನೇನು ನೀರು ಬರಬೇಕು, ಕರೆಂಟು ಹೋಯಿತು. ಆ ಜಲಪಾತದ ನೀರನ್ನು ನೋಡಲು ನಾನು ಇನ್ನೂ ಎರಡು ಶನಿವಾರ ಹೋಗಬೇಕಾಯಿತು.

ಪಕ್ಕದಲ್ಲಿ ಕೂತ ಉತ್ತರದ ಕಡೆಯ ಹುಡುಗಿಯೊಬ್ಬಳು ನನ್ನ ಕ್ಯಾಲೆಂಡರ್ ಹಾಳೆಯನ್ನು ಇಣುಕಿ ನೋಡಿ, "ಅಂಕಲ್, ಯುರೋಪಿಗೆ ಹೋಗ್ತಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಹೌದು" ಎಂದೆ. "ಬೈ ರೋಡ್" ಎಂದೂ ಸೇರಿಸಿದೆ.

ಪ್ರೀತಿ ನನ್ನ ಮುಖ ನೋಡಿದಳು. ಹೊರಗೆ ಬಂದ ಮೇಲೆ ಮೆಲ್ಲನೆ, "ಪಪ್ಪಾ, ಹೋಗುವುದು ಮಮ್ಮಿ ಅಲ್ವಾ?" ಎಂದಳು.

"ಗೊತ್ತುಂಟು ಮಾರಾಯ್ತಿ" ಎಂದೆ.

ಕಾರ್ಕಳದಲ್ಲಿ ಸುದ್ದಿ ಹಬ್ಬಿತು. ಎಲ್ಲರಿಗೂ ಲಿಲ್ಲಿಯ ಭಾಗ್ಯದ ಬಗ್ಗೆ ಸಂತೋಷ, ನನ್ನ ಊಟದ ಬಗ್ಗೆ ಚಿಂತೆ. ಮೀನು ತರುವ ಗಿರಿಜಕ್ಕ ಬುಟ್ಟಿ ಇಳಿಸಿ, "ಬಾಯಮ್ಮ ಅಷ್ಟು ದೂರ ಹೋದರೆ ನೀವು ಎಂತ ಮಾಡ್ತೀರಿ ಮಾಸ್ಟ್ರೇ? ಬೂತಾಯಿ ಯಾರು ಕ್ಲೀನ್ ಮಾಡುವುದು?" ಎಂದು ಕೇಳಿದಳು. ಒಬ್ಬರಾದರೂ 'ನಿಮಗೂ ಹೋಗಬೇಕಂತ ಇತ್ತಾ' ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳಲಿಕ್ಕೆ ಉತ್ತರವನ್ನು ತಯಾರು ಮಾಡಿಟ್ಟಿದ್ದೆ: 'ಛೆ, ನನಗೆ ಅದೆಲ್ಲ ಆಸೆ ಇಲ್ಲ.' ಹೇಳುವ ಸಂದರ್ಭ ಬರಲಿಲ್ಲವೆಂಬ ಬೇಸರವೂ ಸೇರಿತು.

ಲಿಲ್ಲಿ ಉಡುಪಿಯಿಂದ ಒಂದು ಸ್ವೆಟರ್ ತಂದಳು. ಎಪ್ರಿಲ್ ಸೆಕೆಯಲ್ಲಿ ಅದನ್ನು ತೊಟ್ಟು ಬೆವರುತ್ತ ಕನ್ನಡಿಯ ಮುಂದೆ ನಿಂತು, "ಚಂದ ಉಂಟಾ?" ಎಂದಳು. ಚಂದ ಇತ್ತು. ತಿಳಿ ನೀಲಿ ಬಣ್ಣ, ಅವಳಿಗೆ ಬಹಳ ಒಪ್ಪುತ್ತಿತ್ತು. "ಕುತ್ತಿಗೆಯ ಹತ್ರ ಸ್ವಲ್ಪ ಬಿಗಿ" ಎಂದೆ.

ದಿನಾ ಸಂಜೆ ಅವಳು ಅಲಸಂಡೆ ಮುರಿಯುತ್ತ ಕೂತಾಗ ನಾನು ಕ್ಯಾಲೆಂಡರ್ ಹಾಳೆ ಹಾಸಿ ಪಾಠ ಸುರು ಮಾಡುತ್ತಿದ್ದೆ.

"ಇಲ್ಲಿ ನೋಡು. ಈ ಸರೋವರ ದಾಟಿದ ಮೇಲೆ ದಾರಿ ಎರಡಾಗ್ತದೆ. ನೀವು ಎಡದ್ದು ಹಿಡೀಬೇಕು."

"ಕಾರು ಬಿಡುವುದು ನಾನಲ್ಲ ಅಲ್ವಾ?"

"ಆದರೂ ನಿನಗೆ ಗೊತ್ತಿರಬೇಕು."

"ಎಂತಕ್ಕೆ? ರಿಚರ್ಡ್ ಹೋದ ಕಡೆ ನಾನೂ ಹೋಗ್ತೇನೆ. ಇಳಿಯಿರಿ ಅಂದರೆ ಇಳೀತೇನೆ."

ಪ್ರಪಂಚದ ಅತಿ ಸುಂದರವಾದ ದಾರಿಯೊಂದನ್ನು ಹಾಕಿಕೊಟ್ಟು, ಇಂಥ ಉತ್ತರ ಕೇಳಬೇಕಾದ ಗಂಡನ ಕಷ್ಟ ನಿಮಗೆ ಅರ್ಥವಾಗಬಹುದು.

ಇಂದ್ರಾಳಿಯ ರೈಲು ಸ್ಟೇಷನ್ನಿನಲ್ಲಿ ಅವಳನ್ನು ಮುಂಬಯಿಯ ರೈಲು ಹತ್ತಿಸಿದೆ. ಅಲ್ಲಿಂದ ವಿಮಾನದಲ್ಲಿ ಶಿರ್ವದ ಕಡೆಯ ಒಂದು ಕುಟುಂಬ ಅವಳ ಜೊತೆಗಿತ್ತು. ರೈಲು ಹೊರಡುವಾಗ ಅವಳ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು. ಅವಳದು ಯಾಕೆಂದು ನನಗೆ ಗೊತ್ತು. ನನ್ನದು ಯಾಕೆಂದು ಅವಳಿಗೆ ತಿಳಿಯದಿರಲಿ ಎಂದು ಪ್ಲಾಟ್‌ಫಾರ್ಮಿನ ಆಚೆ ಬದಿಗೆ ಮುಖ ಮಾಡಿ ಕೈ ಬೀಸಿದೆ.

ಆಮೇಲೆ ನಾನು ಗೋಡೆಗೆ ಆ ಹಾಳೆಗಳನ್ನು ಅಂಟಿಸಿ, ಇಂದು ಇಲ್ಲಿರಬೇಕು, ಇಷ್ಟು ಹೊತ್ತಿಗೆ ಈ ಸೇತುವೆ ದಾಟಿರಬೇಕು ಎಂದು ಲೆಕ್ಕ ಹಾಕುತ್ತ ಗಂಜಿ ಉಣ್ಣುತ್ತಿದ್ದೆ. ದಾರಿಯಿಂದ ಲಿಲ್ಲಿ ಫೋನು ಮಾಡುತ್ತಿದ್ದಳು.

"ಎಲ್ಲಿದ್ದೀ?"

"ಒಂದು ಪೆಟ್ರೋಲ್ ಪಂಪಿನಲ್ಲಿ."

"ಅದಲ್ಲ, ಯಾವ ದೇಶ?"

"ನಿಲ್ಲಿ, ಕೇಳಿ ಹೇಳ್ತೇನೆ."

ಅವಳು ಕೇಳಿಕೊಂಡು ಬರುವವರೆಗೆ ನಾನು ಫೋನು ಹಿಡಿದು ಅಲ್ಲಿನ ಗಾಡಿಗಳ ಸದ್ದು ಕೇಳುತ್ತಿದ್ದೆ. ಸುಯ್ ಎಂದು ಹೋಗುತ್ತಿದ್ದವು. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ಹಾಗೆ ಒಂದೂ ಹಾರನ್ ಇಲ್ಲ. "ಸ್ವಿಜರ್ಲೆಂಡಂತೆ" ಎಂದು ಅವಳು ಬಂದು ಹೇಳಿದಳು. ಕಾರಿನಲ್ಲಿ ಅವಳಿಗೆ ವಾಂತಿಯಾಗುತ್ತಿದೆಯಾ ಎಂದು ಕೇಳಿದೆ. ಇಲ್ಲವಂತೆ. ರಸ್ತೆ ಅಷ್ಟು ನಯವಂತೆ. ನನಗೆ ಸಮಾಧಾನವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ.

ವೆನಿಸ್ ಆಗಿ ಇನ್ಸ್‌ಬ್ರುಕ್ ದಾಟಿದ ಮೇಲೆ ಒಂದು ಫೋನು ಬಂತು.

"ಕಾರು ಹಾಳಾಗಿದೆ. ಎಂತದೋ ಒಂದು ಸಾಮಾನು ಬೇರೆ ಕಡೆಯಿಂದ ಬರಬೇಕಂತೆ. ನಾವು ಉಂಟರ್‌ಬಾಖ್ ಅಂತ ಒಂದು ಊರಿನಲ್ಲಿ ನಿಂತಿದ್ದೇವೆ."

"ಎಂತ ಊರು?"

"ಉಂಟರ್‌ಬಾಖ್."

ನಾನು ಗೋಡೆಯ ಹಾಳೆ ನೋಡಿದೆ, ಅಟ್ಲಾಸು ತೆಗೆದು ನೋಡಿದೆ. "ಹಾಗೊಂದು ಊರು ಇಲ್ಲ" ಎಂದೆ.

"ಇಲ್ಲಿ ಉಂಟು" ಎಂದಳು ಲಿಲ್ಲಿ.

ಅಲ್ಲಿ ಅವರು ಎಷ್ಟು ದಿನ ನಿಲ್ಲುತ್ತಾರೆ, ಹಾಗೆ ನಿಂತರೆ ಮುಂದಿನ ಯಾವ ಊರನ್ನು ಬಿಡಬೇಕು ಎಂದು ನಾನು ಲೆಕ್ಕ ಹಾಕಿ ಇಟ್ಟೆ. ಆದರೆ ಅವಳು ಮತ್ತೆ ಫೋನು ಮಾಡಲಿಲ್ಲ. ಪೆಟ್ರೋಲ್ ಪಂಪಿನಿಂದಲೂ ಫೋನು ಮಾಡುತ್ತಿದ್ದವಳದು ಈಗ ಸುದ್ದಿಯೇ ಇಲ್ಲ. ಒಂದು ವಾರದ ಹತ್ತಿರ ಕಳೆದ ಮೇಲೆ ಜರ್ಮನಿಯ ಗಡಿಯಿಂದ ಫೋನು ಬಂತು. ಸ್ವರದಲ್ಲಿ ಏನೋ ಒಂದು ಹಗುರ.

"ಲಿಕ್ಟನ್‌ಸ್ಟೈನ್ ಹೇಗಿತ್ತು?" ಎಂದು ಕೇಳಿದೆ.

"ಅದು ಯಾವಾಗ ಬಂತು?"

ಹಿಂದಿನಿಂದ ಜೂಲಿ ಅಕ್ಕ ನಗುವುದು ಕೇಳಿಸಿತು. ಲಿಲ್ಲಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಒಂದು ಇಡೀ ದೇಶವನ್ನು, ಈ ಗಡಿಯಿಂದ ಆ ಗಡಿಯವರೆಗೆ, ಬಾಯಿ ತೆರೆದುಕೊಂಡು ನಿದ್ದೆಯಲ್ಲಿ ದಾಟಿದ ಇನ್ನೊಬ್ಬರನ್ನು ನೀವು ಕಂಡಿದ್ದರೆ ನನಗೆ ಹೇಳಿ.

ಅವಳು ಊರಿಗೆ ಮರಳಿದ ಮೇಲೆ ನನ್ನ ವಿಚಾರಣೆ ಸುರುವಾಯಿತು. ರೈನ್ ಜಲಪಾತ ಹೇಗಿತ್ತು? "ತುಂಬ ನೀರು." ಆಲ್ಪ್ಸಿನ ಸುರಂಗ? "ಮುಗಿಯುವವರೆಗೆ ಜಪಸರ ಹೇಳಿದೆ." ವೆನಿಸ್? "ಚಂದ. ಇಳಿತದ ಹೊತ್ತಿಗೆ ನಮ್ಮ ಉದ್ಯಾವರ ಹೊಳೆಯ ವಾಸನೆ." ನಾನು ತಿಂಗಳುಗಟ್ಟಲೆ ಗೆರೆ ಎಳೆದ ಯುರೋಪು ಹೀಗೆ ಒಂದೊಂದು ಮಾತಿನಲ್ಲಿ ಮುಗಿಯಿತು. ಪರವಾಗಿಲ್ಲ, ಅವಳಿಗೆ ಹೇಳಲಿಕ್ಕೆ ಬರುವುದಿಲ್ಲ ಎಂದುಕೊಂಡೆ.

"ಆ ಉಂಟರ್‌ಬಾಖಿನಲ್ಲಿ ಎಂತ ಇತ್ತು?"

"ಎಂತ ಇಲ್ಲ. ಒಂದು ಬೆಂಚು ಇತ್ತು."

"ಬೆಂಚಾ? ಬೆಂಚಿನಿಂದ ಎಂತ ಕಾಣ್ತದೆ?"

"ಎಂತ ಇಲ್ಲ. ಹುಲ್ಲು."

"ಮತ್ತೆ ಅಷ್ಟು ದಿನ ಎಂತ ಮಾಡಿದಿ?"

"ಕೂತಿದ್ದೆ."

ಹೇಳುವಾಗ ಅವಳ ಮುಖ ನೋಡಬೇಕಿತ್ತು. ಜಲಪಾತಕ್ಕೂ ವೆನಿಸಿಗೂ ಇಲ್ಲದ ಒಂದು ಕಳೆ. ಆಮೇಲೆ ಎಷ್ಟೋ ತಿಂಗಳು ನಾನು ಕಂಡದ್ದು ಅದನ್ನೇ. ಹೂ ಕಟ್ಟುತ್ತ ಕೂತವಳು ಕೈ ನಿಲ್ಲಿಸಿ ಗಿಡಗಳ ಆಚೆಗೆ ನೋಡುತ್ತಿದ್ದಳು. ಅನ್ನ ಬಸಿಯುತ್ತ ನಿಂತವಳ ತುಟಿಯಲ್ಲಿ ಸಣ್ಣ ನಗು ಬಂದು ಹೋಗುತ್ತಿತ್ತು. ಎಲ್ಲಿಗೆ ಹೋಗಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು, ಅವಳ ಹಿಂದೆ ಹೋಗಲಿಕ್ಕೆ ದಾರಿ ಗೊತ್ತಿರಲಿಲ್ಲ. ಲೋಕದಲ್ಲಿ ಗಂಡಂದಿರು ಬೇರೆ ಗಂಡಸರ ಮೇಲೆ ಹೊಟ್ಟೆಕಿಚ್ಚು ಪಡುತ್ತಾರೆ. ನನಗೆ ಬಂದದ್ದು ಆಸ್ಟ್ರಿಯಾದ ಒಂದು ಮರದ ಬೆಂಚಿನ ಮೇಲೆ.

ಒಂದು ಮಳೆಗಾಲದ ಮಧ್ಯಾಹ್ನ ತಡೆಯಲಾರದೆ ಕೇಳಿಯೇಬಿಟ್ಟೆ. "ನಾನು ಅಷ್ಟು ಕಷ್ಟಪಟ್ಟು ಹಾಕಿದ ದಾರಿಯಲ್ಲಿ ನಿನಗೆ ಒಂದೂ ಊರು ನೆನಪಿಲ್ಲ. ನನ್ನ ದಾರಿಯಲ್ಲಿ ಇಲ್ಲದ್ದು ಮಾತ್ರ ನೆನಪುಂಟು. ಹಾಗೆಂತ ಉಂಟು ಅಲ್ಲಿ?"

ಲಿಲ್ಲಿ ಸ್ವಲ್ಪ ಯೋಚಿಸಿದಳು. "ಅಲ್ಲಿ ಯಾರೂ ನನ್ನನ್ನು ಕರೆಯಲಿಲ್ಲ" ಎಂದಳು. "ಜೂಲಿ, ರಿಚರ್ಡ್ ಕಾರಿನ ರಿಪೇರಿಯ ಹಿಂದೆ ಹೋಗ್ತಿದ್ದರು. ಮಕ್ಕಳು ಆಟಕ್ಕೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರೂ 'ಲಿಲ್ಲಿ' ಅಂತ ಕರೆಯಲಿಲ್ಲ."

ಅಂದು ಸಂಜೆ ಸ್ನಾನಕ್ಕೆ ಹೊರಟವನು ಅವಳನ್ನು ಕರೆಯಲು ಬಾಯಿ ತೆರೆದೆ, ನೆನಪಾಗಿ ಮುಚ್ಚಿದೆ. ಮೈ ಒರೆಸುವ ಬೈರಾಸನ್ನು ನಾನೇ ಹುಡುಕಿದೆ. ಕಪಾಟಿನಲ್ಲಿ, ಹಗ್ಗದ ಮೇಲೆ, ಮಂಚದ ಕೆಳಗೆ ಎಲ್ಲ ಹುಡುಕಿದೆ. ಸಿಗಲಿಲ್ಲ. ಆಮೇಲೆ ಕರೆದೆ.

ಕೆಲವು ವರ್ಷ ಕಳೆದು ನಾನು ನಿವೃತ್ತನಾದೆ. ಜೂಲಿ ಅಕ್ಕ ಮಾತು ಉಳಿಸಿಕೊಂಡಳು. "ಈ ಸಲ ಮಾಸ್ಟ್ರ ಸರದಿ. ಅದೇ ದಾರಿ, ಅದೇ ಸೀಟು" ಎಂದು ಫೋನು ಬಂತು. ಹಳೆಯ ಹಾಳೆಗಳು ಹೊರಬಂದವು. ಈ ಬಾರಿ ಹೊಸತಾಗಿ ಪ್ಲಾನು ಹಾಕುವ ಅಗತ್ಯವೇ ಇರಲಿಲ್ಲ, ಆದರೂ ಒಂದು ತಿಂಗಳು ಹಾಕಿದೆ. ಗಿರಿಜಕ್ಕ ಲಿಲ್ಲಿಯ ಊಟದ ಬಗ್ಗೆ ಚಿಂತಿಸಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಹೊರಡುವ ಹಿಂದಿನ ದಿನ ಲಿಲ್ಲಿ ನನ್ನ ಪೆಟ್ಟಿಗೆ ತುಂಬಿಸುತ್ತಿದ್ದಳು. ಅಂಗಿ ಮಡಚುತ್ತ, ತಲೆ ಎತ್ತದೆ ಹೇಳಿದಳು. "ಎಲ್ಲ ಕಡೆ ಹೋಗಿ. ಚೆನ್ನಾಗಿ ನೋಡಿ. ಉಂಟರ್‌ಬಾಖಿಗೆ ಮಾತ್ರ ಹೋಗ್ಬೇಡಿ."

"ಯಾಕೆ?"

"ಅದೊಂದು ನನಗೆ ಇರಲಿ."

ಇದೆಂಥ ಮಾತು? ಹೋಗಬೇಕೆಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿದ್ದ ಊರು ಅದೊಂದೇ. ವಾದ ಮಾಡಬಹುದಿತ್ತು. ಊರೊಂದು ಯಾರ ಸ್ವತ್ತೂ ಅಲ್ಲ ಎನ್ನಬಹುದಿತ್ತು. ಅವಳು ಸಾಕ್ಸುಗಳನ್ನು ಜೊತೆ ಮಾಡಿ ಮೂಲೆಗೆ ತುರುಕುತ್ತಿದ್ದಳು. ನಾನು ಹೂಂ ಎಂದೆ, ಆದರೆ ಅದು ಗಟ್ಟಿ ಹೂಂ ಅಲ್ಲ.

ಹೋದೆ. ನಾನು ಹಾಕಿದ ದಾರಿ ಒಂದು ತಿರುವೂ ತಪ್ಪಿರಲಿಲ್ಲ. ರೈನ್ ಜಲಪಾತದ ಎದುರು ನಿಂತು, ಜೀವಮಾನದ ಜ್ಞಾನವನ್ನೆಲ್ಲ ಒಟ್ಟು ಮಾಡಿ ನೋಡಿದೆ. ತುಂಬ ನೀರು. ಅದಕ್ಕಿಂತ ಹೆಚ್ಚಿಗೆ ಹೇಳಲಿಕ್ಕೆ ನನಗೂ ಏನೂ ಸಿಗಲಿಲ್ಲ. ಲೂಸರ್ನಿನಲ್ಲಿ, ಮಿಲಾನಿನಲ್ಲಿ ರಿಚರ್ಡಿನ ಮಕ್ಕಳಿಗೆ ಪಾಠ ಹೇಳಿದೆ. ಅವರು ಕಿವಿಗೆ ವಯರು ಸಿಕ್ಕಿಸಿಕೊಂಡು ತಲೆಯಾಡಿಸುತ್ತಿದ್ದರು. ನನ್ನ ಮಾತಿಗೆಂದೇ ನಾನು ಬಹಳ ದೂರದವರೆಗೆ ತಿಳಿದಿದ್ದೆ.

ಇನ್ಸ್‌ಬ್ರುಕ್ ದಾಟಿ ಸ್ವಲ್ಪ ಹೊತ್ತಾಗಿತ್ತು. ಮಧ್ಯಾಹ್ನದ ಬಿಸಿಲು. ರಿಚರ್ಡ್ ಕಾರು ನಿಧಾನ ಮಾಡಿ ಬಲಕ್ಕೆ ಕೈ ತೋರಿಸಿದರು. ಹಳದಿ ಬೋರ್ಡಿನ ಮೇಲೆ ಆ ಹೆಸರು ಇತ್ತು. ಎರಡು ಕೊಟ್ಟಿಗೆಗಳ ನಡುವಿನಿಂದ ಒಂದು ಸಪುರ ರಸ್ತೆ ಏರಿ ಹೋಗಿ ಹುಲ್ಲಿನ ದಿಬ್ಬದ ಹಿಂದೆ ಮರೆಯಾಗುತ್ತಿತ್ತು.

"ಲಿಲ್ಲಿಯ ಊರು" ಎಂದರು ರಿಚರ್ಡ್. "ಹೋಗುವನಾ ಮಾಸ್ಟ್ರೇ? ನಾವು ಉಳಿದುಕೊಂಡ ಮನೆಯ ಆ ಅಜ್ಜಿ ಇದ್ದಾರಾ ನೋಡುವ."

ನನ್ನ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ಹೋದರೆ ಲಿಲ್ಲಿಗೆ ಗೊತ್ತಾಗಲಿಕ್ಕಿಲ್ಲ. ಅವಳಿಗೆ ಹೇಳಬೇಡಿ ಎಂದು ಇವರಿಗೆ ಹೇಳಿದರೆ ಆಯಿತು. ಆ ದಿಬ್ಬದ ಆಚೆ ನೋಡಬೇಕೆಂದು ನನಗೆ ಎಷ್ಟು ಅನಿಸಿತೆಂದರೆ, ಚಿಕ್ಕಂದಿನಲ್ಲಿ ಬೆಟ್ಟದ ಮೇಲೆ ನಿಂತಾಗಲೂ ಅಷ್ಟು ಅನಿಸಿರಲಿಲ್ಲ. ಜೂಲಿ ಅಕ್ಕ ಹಿಂದೆ ತಿರುಗಿ ನನ್ನನ್ನೇ ನೋಡುತ್ತಿದ್ದಳು.

"ಬೇಡ. ನೇರ ಹೋಗುವ" ಎಂದೆ.

"ಐದು ನಿಮಿಷದ ದಾರಿ ಮಾರಾಯ್ರೆ."

"ಬೇಡ."

ಕಾರು ಮುಂದೆ ಹೋಯಿತು. ನಾನು ಹಿಂದಿನ ಗಾಜಿನಿಂದ ನೋಡುತ್ತಲೇ ಇದ್ದೆ. ಲಿಕ್ಟನ್‌ಸ್ಟೈನ್ ಬಂದಾಗ ಎಚ್ಚರವಾಗಿಯೇ ಇದ್ದೆ, ಆದರೆ ಏನು ನೋಡಿದೆನೆಂದು ಈಗ ಕೇಳಿದರೆ ಹೇಳಲಾರೆ.

ಮರಳಿ ಬಂದ ದಿನ ಲಿಲ್ಲಿ ಇಂದ್ರಾಳಿಯ ಸ್ಟೇಷನ್ನಿಗೆ ಬಂದಿದ್ದಳು. ಪೆಟ್ಟಿಗೆಗಳನ್ನು ಎತ್ತಿಕೊಂಡು ಹೊರಗೆ ಬಂದು ಕಾರ್ಕಳದ ಬಸ್ಸು ಹತ್ತಿದೆವು. ಅವಳು ಕಿಟಕಿಯ ಬದಿಯಲ್ಲಿ ಕೂತಳು. ಬಸ್ಸು ಮಣಿಪಾಲದ ಏರು ಹತ್ತುವವರೆಗೆ ಪ್ರಯಾಣ ಹೇಗಿತ್ತು, ಚಳಿ ಇತ್ತಾ ಎಂದೆಲ್ಲ ಕೇಳಿದಳು. ಆಮೇಲೆ ಹೊರಗೆ ನೋಡುತ್ತ ಕೇಳಿದಳು.

"ಅಲ್ಲಿಗೆ ಹೋದಿರಾ?"

"ಇಲ್ಲ. ಬೋರ್ಡು ನೋಡಿದೆ."

ಅವಳು ತಿರುಗಿ ನನ್ನ ಮುಖವನ್ನು ನೋಡಿದಳು. ಇಷ್ಟು ವರ್ಷದಲ್ಲಿ ನನ್ನ ಸುಳ್ಳುಗಳನ್ನು ಹಿಡಿದು ಅಭ್ಯಾಸವಾದ ನೋಟ ಅದು. ಬಸ್ಸು ಪರ್ಕಳ ದಾಟಿತು.

"ನೀವು ಹೋಗಿದ್ದರೆ" ಎಂದಳು ಕೊನೆಗೆ, "ಅದು ಎಷ್ಟು ಎತ್ತರದಲ್ಲಿ ಉಂಟು, ಯಾವ ನದಿಯ ಹತ್ತಿರ, ಎಂತ ಬೆಳೀತಾರೆ ಅಂತ ಬಂದು ನನಗೆ ಪಾಠ ಹೇಳ್ತಿದ್ರಿ. ಮತ್ತೆ ನನಗೆ ನಾನು ನೋಡಿದ್ದು ನೆನಪಿರ್ತಿರಲಿಲ್ಲ. ನೀವು ಹೇಳಿದ್ದೇ ನೆನಪಿರ್ತಿತ್ತು."

ಅವಳು ಹೇಳಿದ್ದು ನಿಜವೆಂದು ಕಾಪುವಿನ ಬಸ್ಸು ತಪ್ಪಿಸಿಕೊಂಡವರನ್ನು ಯಾರು ಕೇಳಿದರೂ ಹೇಳಿಯಾರು.

ಆಮೇಲೆ, ನಾನು ಕೇಳದೆಯೇ, ಲಿಲ್ಲಿ ಹೇಳತೊಡಗಿದಳು. ಅವರು ಇಳಿದುಕೊಂಡದ್ದು ಒಬ್ಬರು ಅಜ್ಜಿಯ ಮನೆಯಲ್ಲಿ. ಹಿತ್ತಿಲಲ್ಲಿ ಒಂದು ಸೇಬಿನ ಮರ, ಅದರ ಕೆಳಗೆ ಬೆಂಚು. ಮೊದಲ ದಿನ ಸುಮ್ಮನೆ ಕೂತಳಂತೆ. ಎರಡನೆಯ ದಿನ ಕೂತಲ್ಲೇ ಅಳು ಬಂತಂತೆ.

"ಅಮ್ಮ ಹೋದಾಗ ನಾನು ಅಳಲಿಲ್ಲ. ನಿಮಗೆ ಗೊತ್ತುಂಟಲ್ಲ, ಅಷ್ಟು ಜನ ಬಂದಿದ್ದರು. ಅವರಿಗೆ ಗಂಜಿ ಆಗಬೇಕಿತ್ತು, ಚಾ ಆಗಬೇಕಿತ್ತು. ಆಮೇಲೆ ಸಮಯ ಆಗಲೇ ಇಲ್ಲ. ಅಲ್ಲಿ ಆಯಿತು."

ಬಸ್ಸು ಹಿರಿಯಡ್ಕದಲ್ಲಿ ನಿಂತು ಹೊರಟಿತು. ಅಜ್ಜಿ ಒಳಗಿನಿಂದ ಬಂದು ನೋಡಿದರಂತೆ. ಎಂತ ಆಯಿತೆಂದು ಕೇಳಲಿಕ್ಕೆ ಅವರಿಗೆ ಭಾಷೆ ಇಲ್ಲ, ಹೇಳಲಿಕ್ಕೆ ಇವಳಿಗೆ ಭಾಷೆ ಇಲ್ಲ. ಅಜ್ಜಿ ಒಂದು ಬೋಗುಣಿ ತುಂಬ ಬಟಾಟೆ ತಂದು, ಪಕ್ಕದಲ್ಲಿ ಕೂತು ಸಿಪ್ಪೆ ತೆಗೆಯತೊಡಗಿದರಂತೆ. ಇವಳು ಸಹಾಯಕ್ಕೆ ಕೈ ಚಾಚಿದರೆ ಕೈಗೆ ಮೆಲ್ಲಗೆ ಹೊಡೆದು, ಬೇಡ, ನೀನು ಅಳು ಎಂಬ ಹಾಗೆ ಸನ್ನೆ ಮಾಡಿದರಂತೆ. ದಿನವೂ ಹಾಗೇ. ಅಜ್ಜಿಗೆ ಬಟಾಟೆ, ಇವಳಿಗೆ ಅಮ್ಮನ ನೆನಪು.

ಲಿಲ್ಲಿ ಕೈ ಬೀಸಿ ಬೀಸಿ ಹೇಳುತ್ತಿದ್ದಳು. ಮಧ್ಯೆ ನಗುತ್ತಿದ್ದಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೈಲೂರಿನ ತಿರುವುಗಳು ಬಂದು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ನನಗೆ ಹೊಟ್ಟೆಕಿಚ್ಚು ಆಗುತ್ತಲೇ ಇತ್ತು, ಆ ಅಜ್ಜಿಯ ಮೇಲೆ. ಆ ಬೋಗುಣಿ ಹಿಡಿದು ಪಕ್ಕದಲ್ಲಿ ಕೂತವನು ನಾನಾಗಬೇಕಿತ್ತು. ಹಾಗೆ ಕೂತಿದ್ದರೆ ಮಾತಾಡದೆ ಇರುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಕಾರ್ಕಳದ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಅವಳು ಇನ್ನೂ ಅಜ್ಜಿಯ ಬೆಕ್ಕಿನ ವಿಷಯ ಹೇಳುತ್ತಿದ್ದಳು. ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದು ಬಾಗಿಲಿಗೆ ಬಡಿಯುವ ಹಾಗೆ ಕಂಬಿಗೆ ಬಡಿದ.

"ಮಾಸ್ಟ್ರೇ, ಇಳೀರಿ. ಬಸ್ಸು ತಿರುಗಿಸ್ಲಿಕ್ಕೆ ಉಂಟು."

"ಸ್ವಲ್ಪ ನಿಲ್ಲು ಮಾರಾಯ" ಎಂದೆ. "ಇವಳದ್ದು ಮುಗಿಯಲಿ."